ಎಂಟು ತಿಂಗಳು ಬಳಸಿದ ಪಾರ್ಸೆಲ್ ಆ್ಯಪ್: ವೇಗಕ್ಕೆ ಪೂರ್ತಿ ಅಂಕ, ವ್ಯವಸ್ಥೆಗೆ ಅಲ್ಲ

ದಾವಣಗೆರೆಯ ಚೌಕಿಪೇಟೆಯ ಹತ್ತಿರ ಟೈಲರುಗಳಿಗೆ ಬೇಕಾಗುವ ಸಾಮಾನಿನ ಸಣ್ಣ ಅಂಗಡಿ ನನ್ನದು. ಲೈನಿಂಗ್ ಬಟ್ಟೆ, ಸೀರೆಯ ಫಾಲ್ಸ್, ಜಿಪ್, ಗುಂಡಿ, ಕ್ಯಾನ್ವಾಸ್, ದಾರದ ರೀಲು ಇವೇ ವ್ಯಾಪಾರ. ನಿಟ್ಟುವಳ್ಳಿ, ವಿದ್ಯಾನಗರ, ಕೆಟಿಜೆ ನಗರ, ಶಾಮನೂರು ರಸ್ತೆಯ ಟೈಲರುಗಳು ಬೆಳಿಗ್ಗೆ ಬಟ್ಟೆಯ ಫೋಟೋ ಕಳಿಸಿ, ಇದೇ ಬಣ್ಣದ ಲೈನಿಂಗ್ ಎರಡು ಮೀಟರು ಮಧ್ಯಾಹ್ನದೊಳಗೆ ಬೇಕು ಎನ್ನುತ್ತಾರೆ. ಮೊದಲು ಇದನ್ನೆಲ್ಲ ಸೈಕಲ್ಲಿನಲ್ಲಿ ಮುಟ್ಟಿಸುತ್ತಿದ್ದ ಹುಡುಗ ಬೇರೆ ಕೆಲಸಕ್ಕೆ ಹೋದ ಮೇಲೆ, ಮೊಬೈಲಿನಲ್ಲಿ ಬುಕ್ ಮಾಡಿದರೆ ಬೈಕ್ ಅಥವಾ ಲಗೇಜ್ ಆಟೋ ಅಂಗಡಿಯ ಬಾಗಿಲಿಗೇ ಬರುವ ಒಂದು ಪಾರ್ಸೆಲ್ ಸೇವೆಯನ್ನು ಎಂಟು ತಿಂಗಳಿನಿಂದ ಬಳಸುತ್ತಿದ್ದೇನೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಬಗೆಯ ಸೇವೆಗಳೆಲ್ಲ ಹೆಚ್ಚುಕಡಿಮೆ ಒಂದೇ ಕಟ್ಟಿನವಾದ್ದರಿಂದ, ನಾನು ಹೇಳುವುದು ಇವುಗಳಲ್ಲಿ ಯಾವುದನ್ನೇ ಬಳಸುವ ಅಂಗಡಿಯವರಿಗೂ ಉಪಯೋಗಕ್ಕೆ ಬರಬಹುದು.

ಒಳ್ಳೆಯದನ್ನು ಮೊದಲು ಹೇಳಬೇಕು. ಬುಕ್ ಮಾಡಿದ ಐದಾರು ನಿಮಿಷಕ್ಕೆ ಬೈಕ್ ಬರುತ್ತದೆ. ಎಷ್ಟು ಹಣ ಎಂಬುದು ಮೊದಲೇ ಗೊತ್ತಿರುವುದರಿಂದ ಚೌಕಾಸಿಯ ಮಾತಿಲ್ಲ. ಬರುವಾಗ ಖಾಲಿ ಬರಬೇಕು, ಅದಕ್ಕೂ ಸೇರಿಸಿ ಕೊಡಿ ಎಂಬ ಜಗ್ಗಾಟವೂ ಇಲ್ಲ. ಪೊಟ್ಟಣ ಎಲ್ಲಿದೆ ಎಂದು ನನಗೂ ಟೈಲರಿಗೂ ಕಾಣುತ್ತದೆ, ಒಟಿಪಿ ಹೇಳದೆ ಸಾಮಾನು ಯಾರ ಕೈಗೂ ಹೋಗುವುದಿಲ್ಲ. ಈ ಎಂಟು ತಿಂಗಳಲ್ಲಿ ಒಂದೇ ಒಂದು ಪೊಟ್ಟಣವೂ ಕಳೆದುಹೋಗಿಲ್ಲ. ನನ್ನಂಥ ಸಣ್ಣ ವ್ಯಾಪಾರಿಗೆ ಇದು ದೊಡ್ಡ ಅನುಕೂಲವೆಂದು ಮನಸಾರೆ ಒಪ್ಪುತ್ತೇನೆ.

ಕೊರತೆ ಕಾಣುವುದು ಲೆಕ್ಕ ತಪ್ಪಿದಾಗ. ಆ್ಯಪಿನ ನಕ್ಷೆಗೆ ದೂರ ಗೊತ್ತು, ಊರು ಗೊತ್ತಿಲ್ಲ. ಸಂಜೆಯ ಹೊತ್ತು ಚೌಕಿಪೇಟೆ, ಮಂಡಿಪೇಟೆಯ ಬೀದಿಗಳಲ್ಲಿ ತಳ್ಳುಗಾಡಿ, ಎತ್ತಿನಗಾಡಿ, ಮೂಟೆ ಇಳಿಸುವ ಲಾರಿ ಎಲ್ಲವೂ ಒಟ್ಟಿಗೆ ನಿಂತಿರುವಾಗಲೂ ಅದು ಮೂರು ಕಿಲೋಮೀಟರಿಗೆ ಇಷ್ಟು ನಿಮಿಷ ಎಂದೇ ತೋರಿಸುತ್ತದೆ. ಆ ನಿಮಿಷ ಮೀರಿದರೆ ಹೊಣೆ ಬೈಕಿನವನದು.

ಈ ಸಲದ ದುಗ್ಗಮ್ಮನ ಜಾತ್ರೆಯಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡು ವರ್ಷಕ್ಕೊಮ್ಮೆ ಬರುವ ಈ ಜಾತ್ರೆಗೆ ಹಳೇ ಊರಿನ ಬೀದಿಗಳೆಲ್ಲ ಜನರಿಂದ ತುಂಬಿ, ಅಲ್ಲಲ್ಲಿ ಬ್ಯಾರಿಕೇಡ್ ಹಾಕಿರುತ್ತಾರೆ. ಅಂದು ನಿಟ್ಟುವಳ್ಳಿಯ ಟೈಲರೊಬ್ಬರಿಗೆ ತುರ್ತಾಗಿ ಫಾಲ್ಸ್ ಕಳಿಸಿದೆ. ನಕ್ಷೆ ತೋರಿಸಿದ ದಾರಿ ಬಂದ್ ಆಗಿತ್ತು. ಬೈಕಿನ ಹುಡುಗ ಸುತ್ತು ಹಾಕಿಕೊಂಡು ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆ ತಡವಾಯಿತು. ಟೈಲರು ಫೋನಿನಲ್ಲಿ ಸಿಟ್ಟಾದರು. ಅದೇ ಹೊತ್ತಿಗೆ ಆ್ಯಪ್ ನನ್ನನ್ನು, ಡೆಲಿವರಿ ಹೇಗಿತ್ತು ಎಂದು ಕೇಳಿತು. ನಾನು ಎರಡು ಸ್ಟಾರ್ ಕೊಟ್ಟು, ಕೆಳಗಿದ್ದ ಆಯ್ಕೆಗಳಲ್ಲಿ 'ಸಮಯಕ್ಕೆ ಬರಲಿಲ್ಲ' ಎಂಬುದನ್ನು ಒತ್ತಿದೆ. ಸೇವೆಯ ಬಗ್ಗೆ ದೂರು ಕೊಟ್ಟೆ ಎಂಬುದು ನನ್ನ ಎಣಿಕೆಯಾಗಿತ್ತು.

ವಾರದ ನಂತರ ಅದೇ ಹುಡುಗ ಅಂಗಡಿಗೆ ಬಂದ. ಹೆಗಲಿನಲ್ಲಿ ಡೆಲಿವರಿ ಬ್ಯಾಗ್ ಇರಲಿಲ್ಲ. "ಅಣ್ಣ, ಐಡಿ ಬ್ಲಾಕ್ ಆಗಿ ಮೂರ್ ದಿನ ಆತು. ಯಾಕಂತ ಕೇಳಾಕೆ ಯಾರೂ ಸಿಗ್ತಿಲ್ರಿ. ನಿಮ್ ಕಡೆಯಿಂದ ಏನಾರ ಹೇಳಾಕ್ ಆಗುತ್ತಾ?" ಎಂದ. ಕವರಿನೊಳಗೆ ಮಬ್ಬಾಗಿ ಕಾಣುತ್ತಿದ್ದ ಅವನ ಮೊಬೈಲನ್ನು ತೆಗೆದು ತೋರಿಸಿದ. ಸಹಾಯ ವಿಭಾಗಕ್ಕೆ ಅವನು ಹನ್ನೊಂದು ಸಲ ಬರೆದಿದ್ದ. ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ, ಇಪ್ಪತ್ನಾಲ್ಕು ಗಂಟೆಯೊಳಗೆ ಪರಿಶೀಲಿಸುತ್ತೇವೆ ಎಂಬ ಅದೇ ಸಾಲು ಹನ್ನೊಂದು ಸಲವೂ ಬಂದಿತ್ತು. ನನ್ನ ಮೊಬೈಲಿನಿಂದ ನಾನೂ ಬರೆದೆ, ಜಾತ್ರೆಯಿಂದಾಗಿ ರಸ್ತೆ ಬಂದ್ ಆಗಿತ್ತು, ತಪ್ಪು ಅವನದಲ್ಲ ಎಂದು. ನನಗೂ ಅದೇ ಸಾಲು ಬಂತು. ನಾನು ಕೊಟ್ಟ ಎರಡು ಸ್ಟಾರನ್ನು ತಿದ್ದಲು ಜಾಗವೇ ಇರಲಿಲ್ಲ. ಅವನ ಐಡಿ ನಿಂತದ್ದು ನನ್ನ ದೂರಿನಿಂದಲೋ ಬೇರೆ ಕಾರಣದಿಂದಲೋ ಎಂಬುದನ್ನು ಕೇಳೋಣವೆಂದರೆ ಉತ್ತರ ಕೊಡುವ ಮನುಷ್ಯರು ಆ ಕಡೆ ಇಲ್ಲ. ಐದನೆಯ ದಿನ, ಏಕೆ ನಿಂತಿತ್ತೋ ತಿಳಿಯದ ಹಾಗೆಯೇ, ಐಡಿ ಮತ್ತೆ ತೆರೆದುಕೊಂಡಿತು. ಆ ದಿನಗಳ ದುಡಿಮೆ ಹೋಯಿತು. ಬೈಕಿನ ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಅಂದಿನಿಂದ ನಾನು ಸಾಮಾನು ಒಯ್ಯಲು ಬರುವವರೊಡನೆ ಮಾತನಾಡತೊಡಗಿದೆ. ನಾನು ಐವತ್ತೈದು ರೂಪಾಯಿ ಕೊಟ್ಟ ಒಂದು ಆರ್ಡರಿನಲ್ಲಿ ಆ ಹುಡುಗನ ಮೊಬೈಲಿನಲ್ಲಿ ಕಂಡದ್ದು ನಲವತ್ತೊಂದು. ಪೆಟ್ರೋಲು, ಸರ್ವಿಸು, ಟೈರು, ಮೊಬೈಲಿನ ರೀಚಾರ್ಜು ಎಲ್ಲವೂ ಅದರಲ್ಲೇ ಆಗಬೇಕು. ಆರ್ಡರ್ ಮುಟ್ಟಿಸಿ ಖಾಲಿ ಬರುವ ದಾರಿಗೆ ಹಣವಿಲ್ಲ. ಇನ್ಸೆಂಟಿವ್ ಬರಬೇಕಾದರೆ ದಿನಕ್ಕೆ ಇಂತಿಷ್ಟು ಆರ್ಡರ್ ಮುಗಿಯಲೇಬೇಕು. ಗುರಿಗೆ ಒಂದೆರಡು ಬಾಕಿ ಇರುವಾಗ ಆರ್ಡರ್ ಬೀಳುವುದೇ ನಿಧಾನವಾಗುತ್ತದೆ ಎಂಬುದು ಅವರೆಲ್ಲರ ಅನುಮಾನ. ಬೆಳಗಿನ ಹೊತ್ತು ಅದೇ ಹುಡುಗ ಇನ್ನೊಂದು ಆ್ಯಪಿನಲ್ಲಿ ಬೆಣ್ಣೆದೋಸೆ ಒಯ್ಯುತ್ತಾನೆ. ಭಾನುವಾರ ಹೋಟೆಲಿನ ಮುಂದೆ ಜನ ಸಾಲುಗಟ್ಟಿ ನಿಂತಿರುವಾಗ, ಸೌದೆಯ ಒಲೆಯ ಮೇಲಿನ ಕಾವಲಿಯಿಂದ ಒಂದೊಂದೇ ಸರದಿ ಇಳಿಯುವ ದೋಸೆಗಾಗಿ ಅರ್ಧ ಗಂಟೆ ಕಾಯಬೇಕಾಗುತ್ತದೆ. ಕಾದದ್ದಕ್ಕೆ ಸಿಗುವುದು ಏನೇನೂ ಸಾಲದು. ಕಟ್ಟಿದ ದೋಸೆ ಹಬೆಗೆ ಮೆತ್ತಗಾದರೆ ಬೈಗುಳ ಮಾತ್ರ ಅವನಿಗೇ.

ಲಗೇಜ್ ಆಟೋದವರ ಕಥೆ ಇನ್ನೂ ಬಿಗಿ. ಸ್ಟ್ಯಾಂಡಿನಲ್ಲಿ ನಿಂತು ಬಾಡಿಗೆ ಹಿಡಿಯುತ್ತಿದ್ದವರು ಮೊದಲು ಆ್ಯಪಿನವರನ್ನು ವಿರೋಧಿಸಿದರು, ಆಮೇಲೆ ಒಬ್ಬೊಬ್ಬರಾಗಿ ತಾವೇ ಸೇರಿಕೊಂಡರು. ಗಿರಾಕಿಗಳು ಸ್ಟ್ಯಾಂಡಿಗೆ ಬರುವುದೇ ಕಡಿಮೆಯಾಗಿತ್ತು. ಆರಂಭದಲ್ಲಿ ಬಾಡಿಗೆ ಚೆನ್ನಾಗಿತ್ತು, ಗಾಡಿಗಳು ಹೆಚ್ಚಾದಂತೆ ಇಳಿಯಿತು ಎಂದು ನಮ್ಮ ಬೀದಿಗೆ ಇಪ್ಪತ್ತು ವರ್ಷದಿಂದ ಬರುತ್ತಿರುವ ಚಾಲಕರೊಬ್ಬರು ಹೇಳಿದರು. "ಸಾವ್ಕಾರ್ರೆ, ಮೊದಲು ನಾವು ರೇಟ್ ಹೇಳ್ತಿದ್ವಿ, ನೀವು ಇಳಿಸ್ತಿದ್ರಿ. ಈಗ ನಾವೂ ಹೇಳಂಗಿಲ್ಲ, ನೀವೂ ಹೇಳಂಗಿಲ್ಲ" ಎಂದರು. ಲೋಡಿಂಗಿನ ಹಣವನ್ನು ಆ್ಯಪಿನ ದರದಲ್ಲಿ ಸೇರಿಸಿಲ್ಲದಿದ್ದರೂ, ಬಟ್ಟೆಯ ಬೇಲನ್ನು ಮಹಡಿಗೆ ಹೊತ್ತು ಹಾಕಬೇಕೆಂದು ಕೇಳುವ ಗಿರಾಕಿಗಳಿದ್ದಾರೆ. ಆಗಲ್ಲ ಎಂದರೆ ರೇಟಿಂಗ್ ಇಳಿಯುತ್ತದೆ. ಹಮಾಲರ ಕೆಲಸ ಹೀಗೆ ಪುಕ್ಕಟೆಯಾಗಿ ಚಾಲಕನ ಬೆನ್ನಿಗೆ ಬಂದು ಕೂತಿದೆ.

ಯಂತ್ರ ಬಂದು ಕೆಲಸ ಕಸಿಯುತ್ತದೆ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಚಾಲಕರಿಲ್ಲದ ವಾಹನ. ಅಮೆರಿಕದ ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೋಗಳಲ್ಲಿ ಅಂಥ ಟ್ಯಾಕ್ಸಿಗಳು ಓಡುತ್ತಿವೆ. ಚಾಲಕರ ಕೆಲಸ ಹೋಗುತ್ತದೆಂಬ ಕಾರಣಕ್ಕೆ ಭಾರತಕ್ಕೆ ಅವುಗಳನ್ನು ಬಿಡುವುದಿಲ್ಲವೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2023ರಲ್ಲಿ ಹೇಳಿದ್ದಾರೆ. ಆದರೆ ನಮ್ಮ ಊರಿಗೆ ಯಂತ್ರ ಬಂದದ್ದು ಚಾಲಕನ ಸೀಟಿಗಲ್ಲ. ಚಿತ್ರದುರ್ಗದ ಕಡೆ ಹೋಗುವಾಗ ಸಿಗುವ ಹೆಬ್ಬಾಳು ಟೋಲಿನಲ್ಲಿ, 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ, ಕೈಚಾಚಿ ಚೀಟಿ ಕೊಡುವ ಕೆಲಸ ಬಹುಪಾಲು ಹೋಯಿತು. ನಾನು ಬಳಸುವ ಆ್ಯಪಿನಲ್ಲಿ ಯಾರಿಗೆ ಯಾವ ಆರ್ಡರ್, ಎಷ್ಟು ಹಣ, ಯಾರ ಐಡಿ ನಿಲ್ಲಬೇಕು ಎಂಬುದನ್ನು ನಿರ್ಧರಿಸುವ ಮೇಸ್ತ್ರಿಯ ಜಾಗದಲ್ಲಿ ಸಾಫ್ಟ್‌ವೇರ್ ಕುಳಿತಿದೆ. ಲಾರಿ ಆಫೀಸಿನಲ್ಲಿ ಎಲ್‌ಆರ್ (ಸಾಮಾನಿನ ರಸೀದಿ) ಬರೆಯುವ ಗುಮಾಸ್ತರು ಎಷ್ಟೇ ಗದರಿದರೂ, ಜಾತ್ರೆ ಇತ್ತು ಎಂದರೆ ಅವರಿಗೆ ಅರ್ಥವಾಗುತ್ತಿತ್ತು.

ಇದು ನನಗೆ ಇಷ್ಟು ತಟ್ಟುವುದಕ್ಕೆ ಕಾರಣವಿದೆ. ನಮ್ಮ ತಂದೆ ಗಿರಣಿಯಲ್ಲಿ ನೂಲುವ ಖಾತೆಯಲ್ಲಿದ್ದರು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಈ ಊರಿನ ಗಿರಣಿಗಳು ಒಂದಾದ ಮೇಲೊಂದು ಬಾಗಿಲು ಹಾಕಿದಾಗ ಅವರು ಲಗೇಜ್ ಆಟೋ ಹಿಡಿದರು. ಗಿರಣಿಯಲ್ಲಿ ಪಿಎಫ್, ಇಎಸ್ಐ ಇದ್ದವು. ಅನ್ಯಾಯವಾದರೆ ಧರಣಿ ಕೂರಲು ಒಂದು ಗೇಟ್ ಇತ್ತು. ಮಾತನಾಡಲು ಕಾಮ್ರೇಡ್ ಪಂಪಾಪತಿಯವರಂಥ ಮುಂದಾಳುಗಳಿದ್ದರು, ಗಿರಣಿ ಕಾರ್ಮಿಕರ ಈ ನಾಯಕರನ್ನು ಊರು ಶಾಸಕರನ್ನಾಗಿಯೂ ಆರಿಸಿತ್ತು. ಆ್ಯಪಿನ ಹುಡುಗರಿಗೆ ಹೋಗಿ ನಿಲ್ಲಲು ಗೇಟೇ ಇಲ್ಲ. ನೀತಿ ಆಯೋಗದ 2022ರ ವರದಿಯ ಪ್ರಕಾರ 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರು, ಅಂದರೆ ಖಾಯಂ ನೌಕರಿಯಿಲ್ಲದೆ ಮಾಡಿದ ಒಂದೊಂದು ಕೆಲಸಕ್ಕೆ ಹಣ ಪಡೆಯುವವರು, ಇದ್ದರು, 2029-30ರ ಹೊತ್ತಿಗೆ ಅವರು 2.35 ಕೋಟಿಯಾಗಬಹುದು. ಇಷ್ಟು ಜನರನ್ನು ಕಂಪನಿಗಳು ನೌಕರರೆನ್ನದೆ ಪಾರ್ಟ್‌ನರ್ ಎನ್ನುತ್ತವೆ.

ಈಗ ಕಾನೂನು ಬಂದಿದೆ ಎಂಬುದು ಸಣ್ಣ ಮಾತಲ್ಲ. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ ಕರ್ನಾಟಕ 2025ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ, ಸಕಾರಣವನ್ನು ಬರವಣಿಗೆಯಲ್ಲಿ ಕೊಟ್ಟು 14 ದಿನ ಮುಂಚೆ ತಿಳಿಸದೆ ಕಾರ್ಮಿಕರನ್ನು ಕೆಲಸದಿಂದ ತೆಗೆಯುವಂತಿಲ್ಲ. ಕೆಲಸ ಹಂಚುವ, ರೇಟಿಂಗ್ ಲೆಕ್ಕ ಹಾಕುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ನಡೆಯುತ್ತದೆಂದು ಅವರಿಗೆ ತಿಳಿಸಬೇಕು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ನನ್ನ ಬಿಲ್ಲಿನಲ್ಲಿ ಪ್ಲಾಟ್‌ಫಾರ್ಮ್ ಶುಲ್ಕ, ಜಿಎಸ್‌ಟಿ ಎಂದೆಲ್ಲ ಬಿಡಿಸಿ ತೋರಿಸುವ ಈ ಸೇವೆ, ಚಾಲಕರಿಗೆ ಎಷ್ಟು ಹೋಯಿತು, ಅವರ ಕಲ್ಯಾಣಕ್ಕೆ ಎಷ್ಟು ಹೋಯಿತು ಎಂಬ ಎರಡು ಸಾಲನ್ನು ಎಲ್ಲೂ ತೋರಿಸುವುದಿಲ್ಲ. ಅಂಗಡಿಯವನಾದ ನನಗೆ ಆ ಎರಡು ಸಾಲು ಬೇಕು. ಡೆಲಿವರಿ ಕೆಲಸದವರಿಗೆ ರಾಜ್ಯ ಸರ್ಕಾರದ ವಿಮೆಯೂ ಇದೆ: ಎರಡು ಲಕ್ಷದ ಜೀವವಿಮೆ, ಎರಡು ಲಕ್ಷದ ಅಪಘಾತ ವಿಮೆ, ಕಂತನ್ನು ಸರ್ಕಾರವೇ ಭರಿಸುತ್ತದೆ. ಆ ಹುಡುಗನಿಗೆ ಇದು ಗೊತ್ತೇ ಇರಲಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲೇ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅವನ ಅರ್ಜಿ ಹಾಕಿಸಿದೆವು.

ಹಾಗಾದರೆ ಈ ಸೇವೆಯನ್ನು ಬಳಸಬಹುದೇ ಎಂದರೆ, ಸಣ್ಣ ಪೊಟ್ಟಣಕ್ಕೆ ಬಳಸಬಹುದು, ನಾನೂ ಬಳಸುತ್ತಿದ್ದೇನೆ. ವೇಗಕ್ಕೆ ಐದಕ್ಕೆ ಐದು, ಭದ್ರತೆಗೆ ಐದು, ದೂರು ಕೇಳುವುದಕ್ಕೆ ಸೊನ್ನೆ, ದುಡಿಯುವವರನ್ನು ನಡೆಸಿಕೊಳ್ಳುವುದಕ್ಕೆ ಒಂದು. ಬಳಸುವವರು ತಡವಾದದ್ದಕ್ಕೆ ಸ್ಟಾರ್ ಕಡಿಮೆ ಮಾಡುವ ಮೊದಲು ಬೈಕಿನವರಿಗೆ ಒಂದು ಫೋನ್ ಮಾಡಿ ಕಾರಣ ಕೇಳಿ. ಒಮ್ಮೆ ಒತ್ತಿದ್ದನ್ನು ತಿದ್ದಲು ಬರುವುದಿಲ್ಲ. ಮಹಡಿಗೆ ಹೊರಿಸಿದರೆ ಹೊರೆಯ ಕೂಲಿಯನ್ನು ಬೇರೆಯಾಗಿ ಕೈಗೆ ಕೊಡಿ. ಹಬ್ಬದ ದಿನಗಳಲ್ಲಿ ಹಳೇ ಊರಿನಿಂದ ಕಳಿಸುವುದಾದರೆ ಒಂದು ಗಂಟೆ ಮೊದಲೇ ಬುಕ್ ಮಾಡಿ. ಬೇಲುಗಳಿಗೆ ನಾನೀಗ ಆ್ಯಪ್ ಬಿಟ್ಟು, ಆ ಇಪ್ಪತ್ತು ವರ್ಷದ ಚಾಲಕರಿಗೇ ನೇರವಾಗಿ ಫೋನ್ ಮಾಡುತ್ತೇನೆ. ಹರಿಹರಕ್ಕೆ ಹೋಗಿಬರುವ ಬಾಡಿಗೆಯನ್ನು ಅವರು ಹೇಳುತ್ತಾರೆ, ನಾನು ಸ್ವಲ್ಪ ಇಳಿಸುತ್ತೇನೆ, ಮತ್ತು ಬರುವಾಗ ಅಲ್ಲಿಯ ಟೈಲರುಗಳ ಬಾಕಿ ಹಣವನ್ನೂ ಅವರೇ ತಂದು ಎಣಿಸಿ ಕೊಡುತ್ತಾರೆ.