ಒಂದೇ ರೋಬೋಟ್, ಮೂರು ಬ್ಯಾಕಪ್ ಸರ್ವರ್: ಐಬಿಎಂ ಸ್ಟೋರೇಜ್ ಪ್ರೊಟೆಕ್ಟ್‌ನ ಲೈಬ್ರರಿ ಹಂಚಿಕೆ

ಬಳ್ಳಾರಿಯಲ್ಲಿ ನಾನು ಕೆಲಸ ಮಾಡುವ ಸಂಸ್ಥೆಯ ಸರ್ವರ್ ಕೋಣೆಯಲ್ಲಿ ಲೆಕ್ಕಪತ್ರದ ತಂತ್ರಾಂಶ ಐಬಿಎಂನ ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಆದ ಎಐಎಕ್ಸ್ ಮೇಲೆ, ಕಚೇರಿಯ ಕಡತಗಳು ವಿಂಡೋಸ್ ಮೇಲೆ, ಉತ್ಪಾದನಾ ವಿಭಾಗದ ಡೇಟಾಬೇಸ್ ಲಿನಕ್ಸ್ ಮೇಲೆ ಇವೆ. ಮೂರಕ್ಕೂ ಪ್ರತ್ಯೇಕ ಬ್ಯಾಕಪ್ ಸರ್ವರ್‌ಗಳಿದ್ದರೂ ಟೇಪ್ ಲೈಬ್ರರಿ (ಟೇಪ್ ಖಾನೆಗಳು, ಡ್ರೈವ್‌ಗಳು ಮತ್ತು ರೋಬೋಟ್ ತೋಳು ಸೇರಿದ ಯಂತ್ರ) ಮಾತ್ರ ಒಂದೇ. ಅದನ್ನು ಮೂರೂ ಸರ್ವರ್‌ಗಳು ಬಳಸಲು ನಾವು ನೆಚ್ಚಿಕೊಂಡಿರುವುದು ಬ್ಯಾಕಪ್ ತಂತ್ರಾಂಶವಾದ ಐಬಿಎಂ ಸ್ಟೋರೇಜ್ ಪ್ರೊಟೆಕ್ಟ್‌ನ ಲೈಬ್ರರಿ ಹಂಚಿಕೆಯ ಸೌಲಭ್ಯವನ್ನು. 2015ರಲ್ಲಿ ಸ್ಪೆಕ್ಟ್ರಮ್ ಪ್ರೊಟೆಕ್ಟ್ ಎಂದೂ 2023ರಲ್ಲಿ ಸ್ಟೋರೇಜ್ ಪ್ರೊಟೆಕ್ಟ್ ಎಂದೂ ಹೆಸರು ಬದಲಾದರೂ, ಹಳಬರ ಬಾಯಲ್ಲಿ ಇದು ಇಂದಿಗೂ ಟಿವೊಲಿ ಸ್ಟೋರೇಜ್ ಮ್ಯಾನೇಜರ್ ಎಂಬ ಹಳೆಯ ಹೆಸರಿನ ಕಿರುರೂಪವಾದ ಟಿಎಸ್‌ಎಂ.

ಟೇಪ್ ಓದಿ ಬರೆಯುವ ಡ್ರೈವ್ ಬೇರೆ, ಟೇಪನ್ನು ಖಾನೆಯಿಂದ ಡ್ರೈವಿಗೆ ಒಯ್ಯುವ ರೋಬೋಟ್ ತೋಳು ಬೇರೆ; ಆಪರೇಟಿಂಗ್ ಸಿಸ್ಟಂಗೂ ಅವು ಎರಡು ಬೇರೆ ಸಾಧನಗಳಾಗಿಯೇ ಕಾಣುತ್ತವೆ. ಒಬ್ಬರಿಗೊಬ್ಬರು ತಿಳಿಸದೆ ಎಲ್ಲ ಸರ್ವರ್‌ಗಳೂ ತೋಳಿಗೆ ಆದೇಶ ಕೊಡತೊಡಗಿದರೆ, ಯಾವ ಖಾನೆಯಲ್ಲಿ ಯಾವ ಟೇಪ್ ಇದೆಯೆಂಬ ಲೆಕ್ಕ ಕೆಡುತ್ತದೆ, ಒಂದು ಸರ್ವರ್ ಬರೆದಿಟ್ಟ ಟೇಪಿನ ಮೇಲೆ ಇನ್ನೊಂದು ಬರೆದುಬಿಡುವ ಅಪಾಯವೂ ಇರುತ್ತದೆ. ಈ ತಂತ್ರಾಂಶದಲ್ಲಿ ಒಂದು ಸರ್ವರ್ ಮಾತ್ರ ಲೈಬ್ರರಿ ಮ್ಯಾನೇಜರ್. ಉಳಿದವು ಲೈಬ್ರರಿ ಕ್ಲೈಂಟ್‌ಗಳು. ಕ್ಲೈಂಟ್ ಟೇಪ್ ಬೇಕೆಂದು ನೆಟ್‌ವರ್ಕ್ ಮೂಲಕ ಕೇಳುತ್ತದೆ, ಮ್ಯಾನೇಜರ್ ತೋಳಿನಿಂದ ಟೇಪನ್ನು ಡ್ರೈವಿಗೆ ಹಾಕಿಸುತ್ತದೆ, ಆಮೇಲೆ ದತ್ತಾಂಶವು ಮ್ಯಾನೇಜರನ್ನು ಹಾಯದೆ ಸ್ಯಾನ್ (ಶೇಖರಣಾ ಸಾಧನಗಳಿಗೆಂದೇ ಇರುವ ಪ್ರತ್ಯೇಕ ಜಾಲ) ಮೂಲಕ ಕ್ಲೈಂಟಿನಿಂದ ನೇರವಾಗಿ ಡ್ರೈವಿಗೆ ಹರಿಯುತ್ತದೆ. ಇದರ ನಿಜವಾದ ಹೆಚ್ಚುಗಾರಿಕೆ ಇದೇ ಎಂದು ನನ್ನ ಅಭಿಪ್ರಾಯ. ಎಲ್‌ಟಿಒ ಎಂಬ ಟೇಪ್ ಮಾದರಿಯ 8ನೆಯ ಪೀಳಿಗೆಯ ಒಂದು ಟೇಪ್ ಸಂಕುಚನವಿಲ್ಲದೆಯೇ 12 ಟೆರಾಬೈಟ್ ಹಿಡಿಯುವಾಗ, ಅಷ್ಟನ್ನೂ ನಡುವಿನ ಒಂದು ಸರ್ವರ್ ಹೊತ್ತು ಸಾಗಿಸಬೇಕಾಗಿದ್ದರೆ ರಾತ್ರಿಯ ಬ್ಯಾಕಪ್ ಬೆಳಗಾದರೂ ಮುಗಿಯುತ್ತಿರಲಿಲ್ಲ.

ಒಡೆತನದ ಲೆಕ್ಕವೂ ಅಚ್ಚುಕಟ್ಟಾಗಿದೆ. ಖಾಲಿ ಟೇಪ್‌ಗಳೆಲ್ಲ ಮ್ಯಾನೇಜರಿನ ವಶದಲ್ಲಿದ್ದು, ಕೇಳಿದ ಕ್ಲೈಂಟಿನ ಹೆಸರಿಗೆ ಒಂದೊಂದಾಗಿ ಬರೆಯಲ್ಪಡುತ್ತವೆ. ಟೇಪಿನಲ್ಲಿನ ದತ್ತಾಂಶದ ಅವಧಿ ಮುಗಿದು ಅದು ಬರಿದಾದಾಗ ಮತ್ತೆ ಸಾಮಾನ್ಯ ರಾಶಿಗೆ ಮರಳುತ್ತದೆ. ಪಟ್ಟಿ ತೆಗೆದು ನೋಡಿದರೆ ಪ್ರತಿ ಬಾರ್‌ಕೋಡಿನ ಎದುರು ಒಡೆಯನ ಹೆಸರಿರುತ್ತದೆ.

ಬೇರೆ ಬೇರೆ ಪ್ಲಾಟ್‌ಫಾರ್ಮ್‌ಗಳ ತೊಡಕು ಎದುರಾಗುವುದು ಪಾತ್ (ಯಾವ ಸರ್ವರಿಗೆ ಯಾವ ಡ್ರೈವ್ ಯಾವ ಹೆಸರಿನಲ್ಲಿ ಕಾಣುತ್ತದೆಂಬ ನಮೂದು) ಬರೆಯುವಾಗ. ಒಂದೇ ಡ್ರೈವ್ ಎಐಎಕ್ಸ್‌ನಲ್ಲಿ ಆರ್‌ಎಂಟಿ 0 ಎಂದೂ, ಲಿನಕ್ಸ್‌ನಲ್ಲಿ ಐಬಿಎಂಟೇಪ್ 3 ಎಂದೂ, ವಿಂಡೋಸ್‌ನಲ್ಲಿ ಟೇಪ್ 1 ಎಂದೂ ಕಾಣಿಸಿಕೊಳ್ಳಬಹುದು. ಈ ಹೆಸರುಗಳನ್ನು ಆಯಾ ಕ್ಲೈಂಟಿನಲ್ಲಿ ಅಲ್ಲ, ಎಲ್ಲವನ್ನೂ ಮ್ಯಾನೇಜರಿನಲ್ಲೇ, ಕ್ಲೈಂಟಿನ ಕಣ್ಣಿಗೆ ಕಾಣುವ ರೂಪದಲ್ಲಿ ಬರೆಯಬೇಕು. ಆದ್ದರಿಂದ ಡ್ರೈವಿನ ಸೀರಿಯಲ್ ಸಂಖ್ಯೆಯನ್ನು ಎಡಗಡೆಗಿಟ್ಟು, ಮೂರೂ ಸರ್ವರ್‌ಗಳ ಹೆಸರುಗಳನ್ನು ಅದರ ಮುಂದೆ ಸಾಲಾಗಿ ಬರೆದ ಕೋಷ್ಟಕವೊಂದು ಮೊದಲು ಸಿದ್ಧವಾಗಬೇಕು. ಅದಿಲ್ಲದೆ ಕೆಲಸ ಆರಂಭಿಸಲೇಬೇಡಿ. ಸರ್ವರ್ ಮರುಚಾಲನೆಗೊಂಡಾಗ ಈ ಹೆಸರುಗಳು ಅದಲುಬದಲಾಗುವುದುಂಟು. ಬೇಸಿಗೆಯಲ್ಲಿ ಕರೆಂಟು ಹೋಗಿ ಬರುವ ನಮ್ಮ ಕಡೆ ಇದು ಸಣ್ಣ ಮಾತಲ್ಲ. ಸ್ಯಾನ್ ಡಿಸ್ಕವರಿ ಆಯ್ಕೆ ಸೀರಿಯಲ್ ಸಂಖ್ಯೆಯ ಆಧಾರದಿಂದ ಪಾತ್ ಸರಿಪಡಿಸಬಲ್ಲದಾದರೂ, ಸಾಧ್ಯವಿರುವ ಕಡೆ ಡ್ರೈವರ್ ಮಟ್ಟದಲ್ಲೇ ಹೆಸರುಗಳನ್ನು ಸ್ಥಿರಗೊಳಿಸುವುದು ಲೇಸು.

ಮ್ಯಾನೇಜರ್ ನಿಂತುಹೋದರೆ ಯಾವ ಕ್ಲೈಂಟಿಗೂ ಹೊಸ ಟೇಪ್ ಸಿಗುವುದಿಲ್ಲ. ಇದು ಈ ವ್ಯವಸ್ಥೆಯ ದೊಡ್ಡ ಕೊರತೆ. ಮೇಲಾಗಿ ತಂತ್ರಾಂಶದ ಹೊಸ ಆವೃತ್ತಿಯನ್ನು ಮೊದಲು ಮ್ಯಾನೇಜರಿಗೆ, ಅನಂತರವೇ ಕ್ಲೈಂಟುಗಳಿಗೆ ಹಾಕಬೇಕು. ಆದಕಾರಣ ಯಾವ ಬ್ಯಾಕಪ್ ಹೊರೆಯನ್ನೂ ಹೊರಿಸದೆ, ಮ್ಯಾನೇಜರ್ ಕೆಲಸಕ್ಕೆಂದೇ ಒಂದು ಪುಟ್ಟ ಸರ್ವರ್ ಮೀಸಲಿಡುವುದನ್ನು ನಾನು ಒತ್ತಿ ಶಿಫಾರಸು ಮಾಡುತ್ತೇನೆ. ತೋಳಿಗೆ ಎರಡನೆಯ ನಿಯಂತ್ರಣ ಮಾರ್ಗ ಕೊಡುವ ಸೌಲಭ್ಯ ನಿಮ್ಮ ಲೈಬ್ರರಿಯಲ್ಲಿದ್ದರೆ ಅದನ್ನೂ ಬಳಸಿಕೊಳ್ಳಿ.

ಬೇರೆ ಕಂಪನಿಯ ಬ್ಯಾಕಪ್ ತಂತ್ರಾಂಶವೂ ಅದೇ ಲೈಬ್ರರಿಯನ್ನು ಬಳಸಬೇಕೆಂದರೆ ಈ ಹಂಚಿಕೆ ಒದಗುವುದಿಲ್ಲ, ಏಕೆಂದರೆ ಆ ತಂತ್ರಾಂಶ ಈ ಮ್ಯಾನೇಜರಿನ ಮಾತು ಕೇಳುವುದಿಲ್ಲ. ಅಲ್ಲಿ ಲೈಬ್ರರಿಯನ್ನೇ ತಾರ್ಕಿಕ ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗಕ್ಕೂ ಅದರದೇ ಡ್ರೈವ್ ಮತ್ತು ಖಾನೆಗಳನ್ನು ಗೊತ್ತುಮಾಡಬೇಕು. ಆಗ ಒಂದು ಭಾಗದ ಡ್ರೈವ್ ಸುಮ್ಮನಿದ್ದರೂ ಇನ್ನೊಂದು ಭಾಗಕ್ಕೆ ತಾನಾಗಿ ಒದಗುವುದಿಲ್ಲವೆಂಬುದನ್ನು ಲೆಕ್ಕಹಾಕಿಯೇ ಡ್ರೈವ್‌ಗಳನ್ನು ಕೊಳ್ಳಬೇಕು.