ಬಾಗಿಲ ಮೇಲಿನ ‘ಇಂಗ್ಲಿಷ್ ಪಬ್’ ಎಂಬ ಹಲಗೆಯನ್ನು ನಂಬಿ ಪ್ರಾಗ್‌ನಲ್ಲಿ ಮೋಸಹೋದೆ, ನೀವು ಹೋಗಬೇಡಿ

ಚೆಕ್ ನಾಡಿನ ಪ್ರಾಗ್ ನಗರಕ್ಕೆ ಹೊರಟವರು, ಅದರಲ್ಲೂ ಬ್ರಿಟನ್ನಿನಲ್ಲಿ ಕೆಲವು ವರ್ಷ ಇದ್ದು ‘ಪಬ್ ಎಂದರೇನೆಂದು ನನಗೆ ಗೊತ್ತು’ ಎಂಬ ಧೈರ್ಯದಲ್ಲಿ ಹೊರಟವರು, ದಯವಿಟ್ಟು ಇದನ್ನು ಓದಿಕೊಂಡು ಹೋಗಬೇಕು. ನನಗೂ ಅದೇ ಧೈರ್ಯವಿತ್ತು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 11 ವರ್ಷಗಳಿಂದ ಇರುವ ನನಗೆ ಆ ಧೈರ್ಯಕ್ಕಾಗಿ ತೆರಬೇಕಾಗಿ ಬಂದ ದಂಡ 72 ಪೌಂಡ್. ಅದರ ಮೇಲೆ, ದಾವಣಗೆರೆಯಿಂದ ಬಂದಿದ್ದ ಭಾವನ ಮುಂದೆ ಹೋದ ಮಾನ ಬೇರೆ. ದುಡ್ಡು ಹೋದದ್ದನ್ನು ಮರೆತೇನು, ಆ ಬಿಲ್ಲನ್ನು ಭಾವ ನಾಲ್ಕಾಗಿ ಮಡಿಸಿ ತಮ್ಮ ಪರ್ಸಿನೊಳಗೆ ಇಟ್ಟುಕೊಂಡದ್ದನ್ನು ಮರೆಯಲಾರೆ.

ಹಳೆಯ ಪಟ್ಟಣದ ಚೌಕದಲ್ಲಿ, 1410ರ ಕಾಲದ ಖಗೋಳ ಗಡಿಯಾರ ಗಂಟೆ ಹೊಡೆಯುವುದನ್ನು ನೋಡಿ, ಜನಜಂಗುಳಿಯಿಂದ ತಪ್ಪಿಸಿಕೊಂಡು ಪಕ್ಕದ ಓಣಿಗೆ ಬಂದಾಗ ಸಂಜೆ ಆರು ದಾಟಿತ್ತು. ಅಕ್ಕನಿಗೆ ಕಾಲುನೋವು, ನನ್ನ ಹೆಂಡತಿಗೆ ಎಲ್ಲಾದರೂ ಕುಳಿತರೆ ಸಾಕಾಗಿತ್ತು. ಆಗ ಕಣ್ಣಿಗೆ ಬಿದ್ದದ್ದೇ ಆ ಅಂಗಡಿ. ಕಡುಹಸಿರು ಬಣ್ಣದ ಮುಂಭಾಗ, ಚಿನ್ನದ ಬಣ್ಣದ ಅಕ್ಷರಗಳು, ಬಾಗಿಲ ಪಕ್ಕದಲ್ಲಿ ಕೆಂಪು ಟೆಲಿಫೋನ್ ಪೆಟ್ಟಿಗೆ, ಒಳಗೆ ಡಾರ್ಟ್ಸ್ ಹಲಗೆ, ಕೌಂಟರಿನ ಮೇಲೆ ಸಾಲಾಗಿ ನಿಂತ, ಬಿಯರ್ ಎಳೆಯುವ ಕೈಪಂಪುಗಳು. ಹೆಸರನ್ನು ಬರೆಯುವುದಿಲ್ಲ. ‘ಇನ್ನು ನನಗೆ ಬಿಡಿ ಭಾವ, ಇದು ನನ್ನ ಇಲಾಖೆ’ ಎಂದು ಹೇಳಿದವನು ನಾನೇ.

ಹೇಳಿ ಸುಮ್ಮನಾಗಲಿಲ್ಲ, ಹೊರಗೆ ನಿಂತೇ ಒಂದು ಉಪನ್ಯಾಸವನ್ನೂ ಬಿಗಿದೆ. ಅದನ್ನು ಇಲ್ಲಿ ಬರೆದುಬಿಡುತ್ತೇನೆ, ಏಕೆಂದರೆ ನನ್ನ ಮೂರ್ಖತನವೆಲ್ಲ ಅದರಲ್ಲೇ ಇದೆ. ಬ್ರಿಟನ್ನಿನ ಹಳೆಯ ಮಾದರಿಯ ಪಬ್‌ನಲ್ಲಿ ಮೇಜಿನ ಬಳಿ ಕುಳಿತು ಯಾರಾದರೂ ಬಂದು ಕೇಳಲಿ ಎಂದು ಕಾದರೆ ಯಾರೂ ಬರುವುದಿಲ್ಲ. ನಾವೇ ಎದ್ದು ಕೌಂಟರಿಗೆ ಹೋಗಿ, ಸರದಿ ಕಾದು, ಬೇಕಾದ್ದನ್ನು ಕೇಳಿ, ಅಲ್ಲಿಯೇ ಹಣ ಕೊಟ್ಟು, ಗ್ಲಾಸುಗಳನ್ನು ನಾವೇ ಹೊತ್ತು ತರಬೇಕು. ಒಂದು ಸುತ್ತು ನೀನು, ಮುಂದಿನ ಸುತ್ತು ನಾನು ಎಂದು ಕೊಳ್ಳುವುದು ರೂಢಿ. ಹೀಗಾಗಿ ಮೊದಲ ಗುಟುಕು ಗಂಟಲಿಗೆ ಇಳಿಯುವ ಮುನ್ನವೇ ಆ ಸುತ್ತಿನ ಲೆಕ್ಕ ಮುಗಿದಿರುತ್ತದೆ. ಅಳತೆಯಂತೂ ಕಾನೂನಿನದು: ನಲ್ಲಿಯಿಂದ ಹಿಡಿದುಕೊಡುವ ಬಿಯರನ್ನು ಪಿಂಟ್, ಅರ್ಧ ಪಿಂಟ್, ಪಿಂಟಿನ ಮೂರನೇ ಒಂದು ಅಥವಾ ಮೂರನೇ ಎರಡು ಭಾಗ ಎಂಬ ಅಳತೆಗಳಲ್ಲೇ ಮಾರಬೇಕು; ಪಿಂಟ್ ಎಂದರೆ 568 ಮಿಲಿಲೀಟರ್. ವಿಸ್ಕಿ, ಜಿನ್ನುಗಳು 25 ಅಥವಾ 35 ಮಿಲಿಲೀಟರಿನ ಲೆಕ್ಕದಲ್ಲಿ, ಗ್ಲಾಸ್ ವೈನ್ 125 ಅಥವಾ 175ರ ಲೆಕ್ಕದಲ್ಲಿ. ನೊರೆ ಹೆಚ್ಚಾಯಿತೆಂದು ಗ್ಲಾಸನ್ನು ಹಿಂದಕ್ಕೆ ತಳ್ಳಿ ‘ಸ್ವಲ್ಪ ತುಂಬಿಸಿಕೊಡಿ’ ಎಂದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಕೌಂಟರಿನಲ್ಲಿ ಟಿಪ್ಸ್ ಕೊಡುವ ಪದ್ಧತಿಯಿಲ್ಲ; ತೀರಾ ಮನಸ್ಸಾದರೆ ‘ನಿನಗೂ ಒಂದು’ ಎಂದು ಹಿಡಿದುಕೊಡುವವನಿಗಾಗಿ ನಮ್ಮ ಲೆಕ್ಕಕ್ಕೆ ಒಂದು ಗ್ಲಾಸ್ ಸೇರಿಸಬಹುದು. ಇಷ್ಟನ್ನೂ ಭಾವನಿಗೆ ಹೇಳಿ, ಎದೆಯುಬ್ಬಿಸಿಕೊಂಡು ನೇರವಾಗಿ ಕೌಂಟರಿಗೆ ನಡೆದೆ.

ಕೌಂಟರಿನ ಹಿಂದೆ ಇದ್ದವನು ನನ್ನ ಮುಖವನ್ನೂ ನೋಡದೆ ‘ಕುಳಿತುಕೊಳ್ಳಿ, ನಾವೇ ಬರುತ್ತೇವೆ’ ಎಂದ. ಆ ಕ್ಷಣವೇ ಹೊರಗೆ ಬರಬೇಕಿತ್ತು. ಎರಡನೆಯ ಸಲ ಹೇಳುತ್ತೇನೆ, ಆ ಕ್ಷಣವೇ ಹೊರಗೆ ಬರಬೇಕಿತ್ತು. ಇಂಗ್ಲಿಷ್ ಪಬ್ ಎಂದು ಹಲಗೆ ಹಾಕಿಕೊಂಡವನು ಕೌಂಟರಿನಲ್ಲಿ ಮಾರುವುದಿಲ್ಲ ಎಂದಮೇಲೆ ಅದು ಪಬ್ಬಿನ ವೇಷವಷ್ಟೇ. ಬೆಲೆಯನ್ನು ಮೊದಲೇ ಕಣ್ಣಾರೆ ಕಾಣುವ ಅವಕಾಶ ಅಲ್ಲಿಗೇ ಮುಗಿಯಿತು.

ಮೇಜಿಗೆ ಬಂದ ಮಾಣಿಗೆ ಎರಡು ಬಿಯರ್ ಎಂದೆ. ‘ಲಾರ್ಜ್?’ ಎಂದ. ನನ್ನ ಲೋಕದಲ್ಲಿ ಚಿಕ್ಕದೆಂದರೆ ಅರ್ಧ ಪಿಂಟ್, ದೊಡ್ಡದೆಂದರೆ ಪಿಂಟ್. ಅದಕ್ಕಿಂತ ದೊಡ್ಡ ಗ್ಲಾಸಿನ ಕಲ್ಪನೆಯೇ ಇಲ್ಲ. ‘ಹೌದು, ಲಾರ್ಜ್’ ಎಂದೆ. ಬಂದದ್ದು ಒಂದೊಂದು ಲೀಟರಿನ ಎರಡು ಗಾಜಿನ ಕೊಡಪಾನಗಳು. ಚೆಕ್ ನಾಡಿನ ಸಾಮಾನ್ಯ ಪಾನಗೃಹದಲ್ಲಿ ದೊಡ್ಡದೆಂದರೆ ಅರ್ಧ ಲೀಟರ್, ಚಿಕ್ಕದೆಂದರೆ 0.3 ಲೀಟರ್ ಎಂಬುದು, ಲೀಟರಿನ ಮಗ್ಗು ಬಹುಮಟ್ಟಿಗೆ ಪ್ರವಾಸಿಗರ ಮುಂದೆಯೇ ಬಂದು ಕೂರುತ್ತದೆ ಎಂಬುದು, ನನಗೆ ತಿಳಿದದ್ದು ಮರುದಿನ. ಹೆಂಡತಿ ಒಂದು ಗ್ಲಾಸ್ ಬಿಳಿ ವೈನ್ ಕೇಳಿದ್ದಳು, ಅಕ್ಕ ನಿಂಬೆ ಪಾನಕ. ವೈನಿನ ಗ್ಲಾಸು ಹೂಕುಂಡದಷ್ಟಿತ್ತು, ಅದನ್ನು ನೋಡಿ ‘ಪರವಾಗಿಲ್ಲ, ಧಾರಾಳಿಗಳು’ ಎಂದವನೂ ನಾನೇ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಬಿಯರಿನ ಮೇಲೆ ಮೂರು ಬೆರಳು ನೊರೆ ನಿಂತಿತ್ತು. ಕವೆಂಟ್ರಿಯ ಅಭ್ಯಾಸಬಲದಿಂದ ತುಂಬಿಸಿಕೊಡಲು ಕೇಳಿದೆ. ‘ನೊರೆಯೂ ಬಿಯರೇ, ಸರ್. ಗೆರೆ ನೋಡಿ’ ಎಂದು ಗಾಜಿನ ಮೇಲಿನ ಅಳತೆಯ ಗೆರೆಯನ್ನು ಬೆರಳಿಟ್ಟು ತೋರಿಸಿದ. ಗೆರೆಯವರೆಗೆ ಬಿಯರ್ ಇತ್ತು. 1842ರಿಂದ ಪಿಲ್ಸ್ನರ್ ಬಿಯರ್ ಕುದಿಸುತ್ತಿರುವ ನಾಡಿನಲ್ಲಿ ದಪ್ಪ ನೊರೆ ಒಳ್ಳೆಯ ಕೈಯ ಗುರುತು. ಆ ಸಂಜೆ ಅವನು ನನಗೆ ಹೇಳಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ.

ಮೇಜಿನ ಮೇಲೆ ಮೊದಲೇ ಒಂದು ಕಂಬಕ್ಕೆ ಗಂಟಿನಾಕಾರದ ಉಪ್ಪುರೊಟ್ಟಿಗಳಾದ ಪ್ರೆಟ್ಜಲ್‌ಗಳು ನೇತುಬಿದ್ದಿದ್ದವು, ಪಕ್ಕದಲ್ಲಿ ಒಂದು ಬಟ್ಟಲು ಕಡಲೆಬೀಜ. ನಮ್ಮ ಕಡೆಯ ಬಾರುಗಳಲ್ಲಿ ಕುಳಿತ ಕೂಡಲೇ ಖಾರದ ಕಡಲೆಯೋ ಸೌತೆಕಾಯಿಯೋ ಬರುತ್ತದೆ, ಅದಕ್ಕೆ ಎಷ್ಟೋ ಕಡೆ ಲೆಕ್ಕವಿಲ್ಲ. ಭಾವ ಆ ಧೈರ್ಯದಲ್ಲಿ ಕೈ ಹಾಕಿದರು. ಅವರದು ತಪ್ಪಲ್ಲ. ಬ್ರಿಟನ್ನಿನಲ್ಲಿ ಒಂದು ಪೊಟ್ಟಣ ಆಲೂಗಡ್ಡೆ ಚಿಪ್ಸನ್ನೂ ಕೌಂಟರಿನಲ್ಲಿ ಕಾಸು ಕೊಟ್ಟೇ ತರಬೇಕೆಂದು ಬಲ್ಲ ನನಗೆ ಅನುಮಾನ ಬರಬೇಕಿತ್ತು. ನಾನು ಆಗ ಕೈಪಂಪಿನ ಮಹಿಮೆಯನ್ನು ವಿವರಿಸುತ್ತಿದ್ದೆ. ಪೀಪಾಯಿಯೊಳಗೆ ಇನ್ನೂ ಹುದುಗುತ್ತಲೇ ಇರುವ ಏಲ್ ಎಂಬ ಬಿಯರನ್ನು ನೆಲಮಾಳಿಗೆಯಿಂದ ಕೈಯಿಂದಲೇ ಎಳೆದು ಕೊಡುವುದು, ಆ ಪದ್ಧತಿ ಅಳಿಯದಿರಲೆಂದು 1971ರಲ್ಲಿ ಕುಡಿಯುವವರೇ ಸಂಘ ಕಟ್ಟಿದ್ದು, ಎಲ್ಲವನ್ನೂ. ಭಾವ ಮೂರನೆಯ ಪ್ರೆಟ್ಜಲ್ ಮುರಿಯುತ್ತಿದ್ದರು. ಅಂದಹಾಗೆ, ನಾವು ಕುಳಿತಿದ್ದ ಒಂದು ಗಂಟೆಯಲ್ಲಿ ಆ ಪಂಪುಗಳ ಹಿಡಿಯನ್ನು ಯಾರೊಬ್ಬರೂ ಮುಟ್ಟಲಿಲ್ಲ.

ಬಿಲ್ಲು ಬಂತು. ಲೀಟರ್ ಬಿಯರ್ ಎರಡು, ಚೆಕ್ ದುಡ್ಡಿನಲ್ಲಿ 660 ಕೊರುನಾ. ವೈನ್ 345. ಪಾನಕ 145. ಪ್ರೆಟ್ಜಲ್ ಮೂರು, 195. ಕಡಲೆಬೀಜ 95. ಮೇಜಿಗೆ ಕುಳಿತದ್ದಕ್ಕೇ ‘ಕುವೆರ್’ ಎಂಬ ಹೆಸರಿನಲ್ಲಿ ತಲೆಗೆ 40ರಂತೆ 160. ಒಟ್ಟು 1600, ಅದರ ಕೆಳಗೆ ಪೆನ್ನಿನಲ್ಲಿ ಗೀಚಿದ ‘ಸರ್ವಿಸ್ ಶೇ 15’, 240. ಎಲ್ಲ ಸೇರಿ 1840. ಕವೆಂಟ್ರಿಯಲ್ಲಿ ನಮ್ಮ ಬೀದಿ ತುದಿಯ ಪಬ್‌ನಲ್ಲಿ ನಾಲ್ವರು ಇಷ್ಟೇ ಹೊತ್ತು ಕುಳಿತು ಎದ್ದರೆ 20 ಪೌಂಡಿನ ಆಸುಪಾಸು ಆಗುತ್ತಿತ್ತು.

ನಾನು ಒಂದೊಂದನ್ನೇ ಕೇಳಿದೆ, ಅವನು ಒಂದೊಂದಕ್ಕೂ ಸಿದ್ಧವಾಗಿದ್ದ. ಲೀಟರ್ ಯಾರು ಕೇಳಿದರು? ‘ನೀವು ಲಾರ್ಜ್ ಎಂದಿರಿ.’ ಮೆನುವಿನಲ್ಲಿ ವೈನ್ 115 ಎಂದು ಬರೆದಿದೆಯಲ್ಲ? ‘ಅದು 0.1 ಲೀಟರಿಗೆ, ನಿಮಗೆ ತಂದದ್ದು 0.3.’ ತರಲು ಹೇಳಿದವರು ಯಾರು? ‘ಮೇಡಂ ಗ್ಲಾಸ್ ಎಂದರು, ನಮ್ಮ ಗ್ಲಾಸ್ ಇದೇ.’ ಪ್ರೆಟ್ಜಲ್ ನಾವು ಕೇಳಲೇ ಇಲ್ಲ. ‘ತಿಂದಿರಿ ತಾನೆ?’ ಕುವೆರ್ ಎಂದರೇನು? ‘ಮೆನುವಿನ ಕೊನೆಯ ಪುಟ.’ ಅಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅದು ಇತ್ತು, ಇಲ್ಲವೆನ್ನಲಾರೆ. ಕೊನೆಗೆ ಆ ಪೆನ್ನಿನ ಗೀಚನ್ನು ತೋರಿಸಿ, ಪಬ್‌ನಲ್ಲಿ ಎಲ್ಲಾದರೂ ಸರ್ವಿಸ್ ಹಾಕುತ್ತಾರೆಯೇ ಎಂದು ಸ್ವರ ಏರಿಸಿದೆ. ‘ಇದು ಇಂಗ್ಲೆಂಡ್ ಅಲ್ಲ, ಸರ್’ ಎಂದ. ಹಾಗಾದರೆ ಬಾಗಿಲ ಮೇಲೆ ಇಂಗ್ಲಿಷ್ ಪಬ್ ಎಂದು ಬರೆದದ್ದೇಕೆ?

‘ಅದು ಅಲಂಕಾರ.’

ನಗದೆ, ಕೋಪವಿಲ್ಲದೆ, ಬಸ್ಸಿನ ವೇಳೆ ಹೇಳುವವನಂತೆ ಹೇಳಿದ. ಆ ಒಂದು ಮಾತು ಈಗಲೂ ರಾತ್ರಿ ಮಲಗಿದಾಗ ಕಿವಿಯಲ್ಲಿ ಕೇಳುತ್ತದೆ. ಅಲಂಕಾರ! ಪೊಲೀಸರನ್ನು ಕರೆಯುತ್ತೇನೆ ಎಂದೆ. ಒಳಗಿನಿಂದ ಬಂದ ಮೇಲ್ವಿಚಾರಕ ‘ಕರೆಯಿರಿ, ನಂಬರ್ 158’ ಎಂದು ತಾನೇ ಹೇಳಿಕೊಟ್ಟ. ಅಕ್ಕ ‘ಕೊಟ್ಟು ಬಾರೋ, ಜನ ನೋಡ್ತಿದ್ದಾರೆ’ ಎಂದಳು. ಕಾರ್ಡ್ ಯಂತ್ರವನ್ನು ನನ್ನ ಕೈಗಿಡುವಾಗಲೇ ಅದರಲ್ಲಿ ಮೊತ್ತ ಪೌಂಡಿಗೆ ಪರಿವರ್ತನೆಯಾಗಿತ್ತು, ಸಿಟ್ಟಿನಲ್ಲಿ ಹಸಿರು ಗುಂಡಿ ಒತ್ತಿಬಿಟ್ಟೆ. ಕೊರುನಾದಲ್ಲೇ ಕೊಟ್ಟಿದ್ದರೆ ನನ್ನ ಬ್ಯಾಂಕಿನ ದರದಲ್ಲಿ ಸುಮಾರು 64 ಆಗುತ್ತಿದ್ದುದು ಅವರ ದರದಲ್ಲಿ 72 ಆಯಿತು. ಕೇಳಿದರೆ, ‘ನಿಮ್ಮ ಅನುಕೂಲಕ್ಕೇ’ ಎಂಬ ಉತ್ತರ.

ಮೇಜಿಗೇ ತಂದುಕೊಟ್ಟು ಕೊನೆಗೆ ಲೆಕ್ಕ ಹಾಕುವ ಪದ್ಧತಿಯೇ ಮೋಸವೆಂದು ನಾನು ಹೇಳುತ್ತಿಲ್ಲ. ಜರ್ಮನಿಯ ಕಲೋನ್‌ನಲ್ಲಿ 0.2 ಲೀಟರಿನ ಸಣ್ಣ ಗ್ಲಾಸು ಖಾಲಿಯಾದಂತೆಲ್ಲ, ಕೇಳದಿದ್ದರೂ ಮಾಣಿ ಹೊಸದನ್ನು ಇಟ್ಟು ಗ್ಲಾಸಿನಡಿಯ ರಟ್ಟಿನ ಬಿಲ್ಲೆಯ ಅಂಚಿನಲ್ಲಿ ಗೀಟು ಎಳೆಯುತ್ತಾನೆ. ಸಾಕೆನ್ನಿಸಿದರೆ ಬಿಲ್ಲೆಯನ್ನು ಗ್ಲಾಸಿನ ಮೇಲೆ ಮುಚ್ಚಬೇಕು. ಅಲ್ಲಿ ನನಗೆ ಒಂದು ಸೆಂಟೂ ಹೆಚ್ಚು ಬೀಳಲಿಲ್ಲ. ಪ್ರಾಗ್‌ನಲ್ಲೇ ಮರುದಿನ ಝಿಝ್ಕೋವ್ ಬಡಾವಣೆಯ ಒಂದು ಸಾದಾ ಹೊಸ್ಪೊದಾಗೆ, ಅಂದರೆ ಅವರ ಸ್ವಂತ ಪಾನಗೃಹಕ್ಕೆ, ಭಾವನೇ ನನ್ನನ್ನು ಕರೆದುಕೊಂಡು ಹೋದರು. ಕೆಂಪು ಪೆಟ್ಟಿಗೆಯಿಲ್ಲ, ಡಾರ್ಟ್ಸ್ ಇಲ್ಲ, ಗೋಡೆಯ ಬಣ್ಣ ಹೊಗೆ ಹಿಡಿದದ್ದು. ಚೀಟಿಯ ಮೇಲೆ ನಾಲ್ಕು ಗೀಟು, ಅರ್ಧ ಲೀಟರಿಗೆ 64ರಂತೆ 256 ಕೊರುನಾ. 280 ಕೊಟ್ಟೆವು, ಬಿಯರ್ ತಂದುಕೊಟ್ಟ ಹೆಂಗಸು ಕತ್ತು ಬಾಗಿಸಿದಳು. ಬೆಲೆ ಗೋಡೆಯ ಕಪ್ಪು ಹಲಗೆಯ ಮೇಲಿತ್ತು, ಅಳತೆ ಗ್ಲಾಸಿನ ಮೇಲಿತ್ತು. ಅಂದರೆ ಬ್ರಿಟನ್ನಿನ ಪಬ್‌ನಲ್ಲಿ ನಾನು ಮೆಚ್ಚಿದ ಪ್ರಾಮಾಣಿಕತೆ, ಇಂಗ್ಲೆಂಡಿನ ಹೆಸರೇ ಇಲ್ಲದ ಆ ಜಾಗದಲ್ಲಿ ಇತ್ತು.

ಆದ್ದರಿಂದ ದಯವಿಟ್ಟು, ಚೌಕದ ಸುತ್ತಲಿನ ವೇಷಧಾರಿ ಪಬ್‌ಗಳಿಗೆ ಹೋಗಬೇಡಿ. ಹೋಗಲೇಬೇಕಾದರೆ ‘ಲಾರ್ಜ್’ ಎಂಬ ಪದವನ್ನು ಬಾಯಿಗೆ ತರಬೇಡಿ, ‘ಅರ್ಧ ಲೀಟರ್’ ಎನ್ನಿ. ಮೇಜಿನ ಮೇಲಿನ ತಿಂಡಿಯನ್ನು ಕುಳಿತ ಕೂಡಲೇ ಎತ್ತಿಕೊಂಡು ಹೋಗಲು ಹೇಳಿ. ಮೆನುವನ್ನು ಹಿಂದಿನಿಂದ ಓದಿ. ಯಂತ್ರದಲ್ಲಿ ಕೊರುನಾ ಒತ್ತಿ. ಮತ್ತು ಹೊರಗೆ ನಿಂತು ಯಾರಿಗೂ ಉಪನ್ಯಾಸ ಕೊಡಬೇಡಿ.

ಚೆಕ್ ವ್ಯಾಪಾರ ತಪಾಸಣಾ ಇಲಾಖೆಗೆ ದೂರು ಬರೆಯಲು ಕುಳಿತಾಗ ಬಿಲ್ಲು ಬೇಕಾಯಿತು. ದಾವಣಗೆರೆಗೆ ಫೋನ್ ಮಾಡಿ ಕೇಳಿದೆ. ಅದು ಪರ್ಸಿನಲ್ಲೇ ಇತ್ತು. ಭಾವ ಫೋಟೋ ತೆಗೆದು ಕಳುಹಿಸಿದರು, ಪ್ರೆಟ್ಜಲ್ ಸಾಲಿನ ಸುತ್ತ ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿ, ಕೆಳಗೆ ಒಂದು ಸಾಲು ಬರೆದಿದ್ದರು: ‘ಮೂರನೆಯದನ್ನು ಅರ್ಧವೇ ತಿಂದದ್ದು, ಅದನ್ನೂ ಸೇರಿಸು.’ ಸೇರಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.