ಅಯೋವಾದ ಅಜ್ಜಿಯನ್ನು ಉಪ್ಪಳದಲ್ಲಿ ಕೂತು ಹುಡುಕಿದೆ: ಫ್ಯಾಮಿಲಿಸರ್ಚ್ ಹೇಗಿದೆ?

ಅಕ್ಕನ ಮಗ ಮದುವೆಯಾಗಿದ್ದು ಅಮೆರಿಕದ ಅಯೋವಾ ರಾಜ್ಯದ ಹುಡುಗಿಯನ್ನು. ಹೋದ ಮಳೆಗಾಲದಲ್ಲಿ ಇಬ್ಬರೂ ಉಪ್ಪಳಕ್ಕೆ ಬಂದಿದ್ದರು. ತರವಾಡು ಮನೆಯ, ಅಂದರೆ ಕುಟುಂಬದ ಮೂಲ ಮನೆಯ ಚಾವಡಿಯಲ್ಲಿ ಅಕ್ಕ ನಮ್ಮ ಬಳಿಯ (ತಾಯಿಯ ಕಡೆಯಿಂದ ಬರುವ ವಂಶ) ಅಜ್ಜಿಯಂದಿರ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದಳು. ಕೇಳಿಸಿಕೊಂಡ ಹುಡುಗಿ, "ಮಾವ, ನಮ್ಮ ಅಜ್ಜಿಗೊಬ್ಬಳು ಮುತ್ತಜ್ಜಿ ಇದ್ದಳು. ಮೇರಿ ಅಂತ. ಹೊಲದ ಕೆಲಸದವಳು. ಅಷ್ಟೇ ಗೊತ್ತು" ಅಂದಳು. ತವರಿನ ಹೆಸರೇ ಗೊತ್ತಿಲ್ಲ. ಅಲ್ಲಿ ಮದುವೆಯಾದರೆ ಹೆಣ್ಣಿನ ಮನೆತನದ ಹೆಸರು ಹೋಯಿತು ಅಂತಲೇ ಲೆಕ್ಕ, ಅಲ್ವಾ.

ಆ ಮೇರಿಯನ್ನು ಹುಡುಕಲು ಮೊದಲು ವಂಶ ಹುಡುಕುವ ಒಂದು ದುಡ್ಡಿನ ಸೈಟಿಗೆ ಹೋಗಿ ಪೆಟ್ಟು ತಿಂದೆ. ಕೆಲವು ದಿನ ಪುಕ್ಕಟೆ ಅಂದರು, ಆಮೇಲೆ ಕಾರ್ಡಿನಿಂದ ಸದ್ದಿಲ್ಲದೆ ದುಡ್ಡು ಎಳೆದರು. ಅದರ ಕತೆ ಬೇಡ.

ಫ್ಯಾಮಿಲಿಸರ್ಚ್ ಕೂಡ ಅಂಥದ್ದೇ ಸೈಟು, ಆದರೆ ಬೇರೆ ಜಾತಿ. ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚಿನವರು ನಡೆಸುವುದು. ಒಂದು ಖಾತೆ ತೆರೆದರೆ ಸಾಕು, ಒಂದು ಪೈಸೆಯೂ ಬೇಡ. ಹಳೇ ಜನಗಣತಿಯ ಪುಟಗಳ ಚಿತ್ರವೇ ಸಿಗುತ್ತದೆ. ಮೊಬೈಲಿನಲ್ಲಿ ನೋಡಲು ಹೋಗಬೇಡಿ, ಆ ಕೈಬರಹಕ್ಕೆ ದೊಡ್ಡ ಪರದೆಯೇ ಬೇಕು.

ನಮಗೆ ದಾರಿ ಸಿಕ್ಕಿದ್ದು 1880ರ ಪುಟದಲ್ಲಿ. ಮನೆಯ ಯಜಮಾನನಿಗೆ ಒಬ್ಬೊಬ್ಬರೂ ಏನಾಗಬೇಕು ಅಂತ ಅಮೆರಿಕದ ಗಣತಿಯಲ್ಲಿ ಬರೆದಿದ್ದು ಆ ವರ್ಷವೇ ಮೊದಲು. ಗಂಡ, ಮೇರಿ, ಮಕ್ಕಳು. ಕೊನೆಯ ಸಾಲಿನಲ್ಲಿ ಬೇರೆಯೇ ಮನೆತನದ ಹೆಸರಿನ ಒಬ್ಬಳು ಮುದುಕಿ. ಪಕ್ಕದಲ್ಲಿ "ಅತ್ತೆ" ಅಂತ. ಯಜಮಾನನ ಅತ್ತೆ ಅಂದರೆ ಮೇರಿಯ ಅಮ್ಮ! ಮುದುಕಿ ಎರಡನೇ ಮದುವೆ ಆಗಿರದಿದ್ದರೆ ಅದೇ ಮೇರಿಯ ತವರಿನ ಹೆಸರು. "ತಾಯಿಯ ಕಡೆಯಿಂದಲೇ ಸಿಕ್ಕಿತು ನೋಡು" ಅಂತ ಅಕ್ಕನಿಗೆ ಖುಷಿಯೋ ಖುಷಿ.

ಆ ಹೆಸರು ಹಿಡಿದು 1850ಕ್ಕೆ ಹೋದೆವು. ಅದಕ್ಕಿಂತ ಹಿಂದಿನ ಗಣತಿಗಳಲ್ಲಿ ಯಜಮಾನನ ಹೆಸರು ಮಾತ್ರ, ಹೆಂಗಸರು ಮಕ್ಕಳೆಲ್ಲ ಬರೀ ಲೆಕ್ಕ. 1850ರಲ್ಲಿ ಮನೆಯ ಎಲ್ಲರ ಹೆಸರೂ ಬರೆದರು. ಗುಲಾಮರದ್ದು ಮಾತ್ರ ಬರೆಯಲಿಲ್ಲ, ಅವರಿಗೆ ಬೇರೆ ಪಟ್ಟಿ, ಅದರಲ್ಲೂ ಹೆಸರಿಲ್ಲ. ಒಹಾಯೋದ ಒಂದು ಹಳ್ಳಿಯಲ್ಲಿ ಅದೇ ಅಮ್ಮ ಸಿಕ್ಕಿದಳು, ಆದರೆ ಮಗಳು ಮೇರಿ ಇಲ್ಲ. ಏಳು ವರ್ಷದ "ಪಾಲಿ" ಇದ್ದಾಳೆ. ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡೆವು. ಆಮೇಲೆ ತಿಳಿಯಿತು, ಆ ಕಾಲದಲ್ಲಿ ಮೇರಿಯನ್ನು ಮುದ್ದಿಗೆ ಪಾಲಿ ಅಂತಿದ್ದರಂತೆ. ನಮ್ಮಲ್ಲಿ ಪಾರ್ವತಿ ಪಾರು ಆದ ಹಾಗೆ.

1890ರದ್ದು ಹುಡುಕಿ ಸುಮ್ನೆ ಸಮಯ ಹಾಳು ಮಾಡಬೇಡಿ. 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿ ಬಿದ್ದು ಹೆಚ್ಚುಕಡಿಮೆ ಎಲ್ಲ ಹೋಗಿದೆ. ನಾವು ನೇರ 1900ಕ್ಕೆ ಹಾರಿದೆವು. ಅಲ್ಲಿ ಮೇರಿ ವಿಧವೆ, ಮಗನ ಮನೆಯಲ್ಲಿದ್ದಾಳೆ. ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಅಂತ ಎರಡು ಕಾಲಂ. ಶಾಯಿಯಲ್ಲಿ 7, ಪಕ್ಕದಲ್ಲಿ 4. ಹುಡುಗಿ ಪರದೆಯ ಮೇಲೆ ಬೆರಳಿಟ್ಟುಕೊಂಡು ಮಾತೇ ಆಡಲಿಲ್ಲ. ಅಕ್ಕ ಎದ್ದು ಹೋಗಿ ಚಹಾ ತಂದಳು.

ಒಂದು ಎಚ್ಚರಿಕೆ. ಇಲ್ಲಿನ ವಂಶವೃಕ್ಷ ಎಲ್ಲರಿಗೂ ಸೇರಿ ಒಂದೇ, ಯಾರು ಬೇಕಾದರೂ ತಿದ್ದಬಹುದು. ಅದನ್ನು ನಂಬಿ ಕೂರಬೇಡಿ, ಮೂಲ ಪುಟ ತೆರೆದು ನೋಡಿ. ಕೆಲವು ಚಿತ್ರಗಳು ಮನೆಯಲ್ಲಿ ತೆರೆಯುವುದಿಲ್ಲ, ಅವರ ಕೇಂದ್ರಕ್ಕೇ ಹೋಗಬೇಕು. ಐದರಲ್ಲಿ ನಾಲ್ಕು ಕೊಡುತ್ತೇನೆ.

ಮೇರಿಯ ಗಂಡ ಅಮೆರಿಕದ ಅಂತರ್ಯುದ್ಧದಲ್ಲಿ ಸಿಪಾಯಿಯಾಗಿದ್ದನಂತೆ. ಹಾಗಿದ್ದರೆ ವಿಧವೆಯ ಪಿಂಚಣಿ ಕಡತ ಇರಬಹುದು, ಅದರಲ್ಲಿ ಕೆಲವೊಮ್ಮೆ ಮದುವೆಯ ಸಾಕ್ಷಿಗಳ ಹೇಳಿಕೆಯೂ ಇರುತ್ತದೆ. ಆದರೆ ಅದರ ಪ್ರತಿಯನ್ನು ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸ್ ಅನ್ನುವ ಸರ್ಕಾರಿ ದಾಖಲೆ ಸಂಗ್ರಹದಿಂದ ದುಡ್ಡು ಕೊಟ್ಟು ತರಿಸಬೇಕು. ಈ ಸಲ ಕಾರ್ಡು ಅಳಿಯನದ್ದು.